ಓಡಿದ ಮೇಲೆ ಸೊಂಟ ನೋವು: ಒಂಬತ್ತನೇ ವಾರದ ವರದಿ

ಇವತ್ತು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ದಾರಿಯಲ್ಲಿ 4 ಕಿ.ಮೀ. ಓಡಿ ಬಂದೆ. ಬಂದವಳೇ ಬಗ್ಗಿ ಕೆಳಗಿನ ಗೂಡಿನಿಂದ ಚಪಾತಿ ಹಿಟ್ಟಿನ ಡಬ್ಬ ಎತ್ತಿಕೊಂಡೆ. ಸೊಂಟ ತಕರಾರು ಮಾಡಲಿಲ್ಲ. ಮೇ ತಿಂಗಳಲ್ಲಿ ಇದೇ ಡಬ್ಬಕ್ಕೆ ಬಗ್ಗಿ, ಆಮೇಲೆ ಗೋಡೆ ಹಿಡಿದು ಎದ್ದಿದ್ದೆ. ಖುಷಿಗೆ ಕಣ್ಣಲ್ಲಿ ನೀರು ಬಂತು, ನಿಜ.

ಹೊಸದಾಗಿ ಓದುತ್ತಿರುವವರಿಗೆ ಸ್ವಲ್ಪ ಹಿಂದಿನ ಕಥೆ. ನನಗೆ 41. ದಿನಕ್ಕೆ ಎಂಟು ಗಂಟೆ ಕೂತು ಮಾಡುವ ಕೆಲಸ. ಜನವರಿಯಲ್ಲಿ ಓಟ ಶುರು ಮಾಡಿದೆ, 10 ಕಿ.ಮೀ. ಓಡಬೇಕು ಅನ್ನುವುದು ಆಸೆ. ಏಪ್ರಿಲ್ ಕೊನೆಗೆ 5 ಕಿ.ಮೀ. ಮುಟ್ಟಿದಾಗ ನೋವು ಬಂತು. ಬೆಲ್ಟ್ ಕಟ್ಟುವ ಜಾಗದಲ್ಲಿ, ಎರಡೂ ಕಡೆ, ಹಿಡಿದುಕೊಂಡ ಹಾಗೆ. ಆದರೆ ಓಡುವಾಗ ಬರುತ್ತಿರಲಿಲ್ಲ. ಓಡಿ ಮುಗಿಸಿ, ಬೆವರಿನಲ್ಲೇ ಕಾರು ಹತ್ತಿ, ಇಪ್ಪತ್ತು ನಿಮಿಷ ಕೂತು, ಮನೆ ಮುಂದೆ ಇಳಿಯುವಾಗ ಬರುತ್ತಿತ್ತು. ಇದನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳದೆ ಹೋಗಿದ್ದರೆ ನನಗೇ ಗೊತ್ತಾಗುತ್ತಿರಲಿಲ್ಲ.

ಮೊದಲು ಎರಡು ವಾರ ಹೊಟ್ಟೆ ಗಟ್ಟಿಯಾಗಲಿ ಅಂತ ಸಿಟ್ ಅಪ್ ಮಾಡಿದೆ, ಮುಂದಕ್ಕೆ ಬಗ್ಗಿ ಕಾಲ್ಬೆರಳು ಮುಟ್ಟಿದೆ. ನೋವು ಜಾಸ್ತಿಯಾಯಿತು. ಆಮೇಲೆ ಫಿಸಿಯೋ ಹತ್ತಿರ ಹೋದೆ. ಅವರು ಸೊಂಟ ಮುಟ್ಟುವ ಮೊದಲು ಪ್ರಶ್ನೆ ಕೇಳಿದರು: ಕಾಲು ಜೋಮು ಹಿಡಿಯುತ್ತಾ, ಕಾಲಿನಲ್ಲಿ ಶಕ್ತಿ ಕಡಿಮೆಯಾಗಿದೆಯಾ, ತೊಡೆ ಸಂದಿನಲ್ಲಿ ಸ್ಪರ್ಶ ತಿಳಿಯುವುದಿಲ್ವಾ, ಮೂತ್ರ ಹಿಡಿದಿಡಲು ಕಷ್ಟವಾ, ಜ್ವರ ಇದೆಯಾ, ರಾತ್ರಿ ಮಲಗಿದರೂ ನೋವು ಬಿಡುವುದಿಲ್ವಾ. ಇವುಗಳಲ್ಲಿ ಯಾವುದಕ್ಕಾದರೂ ನಿಮ್ಮ ಉತ್ತರ ಹೌದು ಅಂತಿದ್ದರೆ ದಯವಿಟ್ಟು ನನ್ನ ಡೈರಿ ಓದುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಮೂತ್ರದ ವಿಷಯ, ತೊಡೆ ಸಂದು ಮರಗಟ್ಟುವ ವಿಷಯವಾದರೆ ಅವತ್ತೇ ಹೋಗಬೇಕು.

ನನಗೆ ಯಾವುದೂ ಇರಲಿಲ್ಲ. ಮಂಚದ ಅಂಚಿಗೆ ಮಲಗಿಸಿ, ಒಂದು ಮಂಡಿಯನ್ನು ಎದೆಗೆ ತಬ್ಬಿಕೊಳ್ಳಿ, ಇನ್ನೊಂದು ಕಾಲು ಸಡಿಲ ಬಿಡಿ ಅಂದರು. ಬಿಟ್ಟ ಕಾಲಿನ ತೊಡೆ ಮಂಚಕ್ಕೆ ತಾಗಬೇಕಿತ್ತು. ನನ್ನದು ನಾಲ್ಕು ಬೆರಳು ಮೇಲೆಯೇ ನಿಂತಿತು. ಸೊಂಟದ ಬೆನ್ನುಮೂಳೆಯಿಂದ ಹೊರಟು ತೊಡೆಮೂಳೆಗೆ ಸೇರುವ ಸೋಯಸ್ ಅನ್ನುವ ಸ್ನಾಯು ಇದೆಯಲ್ಲ, ದಿನವಿಡೀ ಕೂತವರಲ್ಲಿ ಅದು ಬಿಗಿಯಾಗಿರುವುದು ಸಾಮಾನ್ಯವಂತೆ. ಓಡುವಾಗ ಕಾಲು ಹಿಂದಕ್ಕೆ ಹೋದ ಹಾಗೆಲ್ಲ ಅದು ಸೊಂಟವನ್ನು ಮುಂದಕ್ಕೆ ಎಳೆಯುತ್ತದೆ. ಪೃಷ್ಠದ ಸ್ನಾಯು ದಣಿದ ಮೇಲೆ ಆ ಭಾರವೆಲ್ಲ ಸೊಂಟದ ಮೇಲೆಯೇ.

ಫಿಸಿಯೋ ನೋಡಿದ ಮೇಲೆ ಮೊದಲ ಎರಡು ವಾರ ಓಟ ಬಿಟ್ಟು ಬರೀ ನಡಿಗೆ. ಪೂರ್ತಿ ಮಲಗಿಬಿಡಬೇಡಿ ಅಂದಿದ್ದರು. ಅಮ್ಮ ರಾತ್ರಿ ಮಹಾನಾರಾಯಣ ತೈಲ ತಿಕ್ಕಿ ಬಿಸಿ ನೀರಿನ ಚೀಲ ಇಡುತ್ತಿದ್ದರು. ಅದರಿಂದ ನಿದ್ದೆ ಚೆನ್ನಾಗಿ ಬಂತು. ಆದರೆ ಬೇರೆ ಕೆಲಸ ನಾವೇ ಮಾಡಬೇಕಲ್ವಾ.

ಮೂರನೇ ವಾರದಿಂದ ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಹೇಳುವ ಮೂರು ವ್ಯಾಯಾಮ ಶುರು ಮಾಡಿದೆ: ಕರ್ಲ್ ಅಪ್ (ಅಂಗಾತ ಮಲಗಿ ತಲೆ, ಭುಜ ಮಾತ್ರ ಸ್ವಲ್ಪ ಎತ್ತುವುದು), ಸೈಡ್ ಪ್ಲ್ಯಾಂಕ್ (ಪಕ್ಕಕ್ಕೆ ಮಲಗಿ ಮೊಣಕೈ ಊರಿ ಸೊಂಟ ಎತ್ತಿ ಹಿಡಿಯುವುದು), ಬರ್ಡ್ ಡಾಗ್. ಒಂದೊಂದು ಸಲ 10 ಸೆಕೆಂಡ್ ಹಿಡಿಯುವುದು, ಬಿಡುವುದು. ಬರ್ಡ್ ಡಾಗ್ ಅಂದರೆ ಅಂಬೆಗಾಲಿನಲ್ಲಿ ನಿಂತು ಒಂದು ಕೈ ಮುಂದಕ್ಕೆ, ಎದುರು ಕಡೆಯ ಕಾಲು ಹಿಂದಕ್ಕೆ ಚಾಚುವುದು. ನೋಡಲು ಏನೂ ಕಷ್ಟ ಅನ್ನಿಸುವುದಿಲ್ಲ. ಸೊಂಟದ ಮೇಲೆ ಅರ್ಧ ಲೋಟ ನೀರಿಟ್ಟು ಮಾಡಿ ನೋಡಿ. ಬಲಗಾಲು ಎತ್ತಿದರೆ ಲೋಟ ಅಲ್ಲಾಡದೆ ನಿಲ್ಲುತ್ತಿತ್ತು. ಎಡಗಾಲು ಎತ್ತಿದ ತಕ್ಷಣ ವಾಲಿ, ನೀರು ಪಕ್ಕೆಗುಂಟ ಇಳಿದು ಚಾಪೆ ಒದ್ದೆ. ಐದನೇ ವಾರದ ಹೊತ್ತಿಗೆ ಐದು ಸಲಕ್ಕೆ ಮೂರು ಸಲ ನಿಂತಿತು.

ಆರನೇ ವಾರ ಮತ್ತೆ ಓಟ: ಎರಡು ನಿಮಿಷ ಓಡು, ಒಂದು ನಿಮಿಷ ನಡೆ. ಹೆಜ್ಜೆ ಎಣಿಸಿದೆ. ಬಲಗಾಲು 30 ಸೆಕೆಂಡಿಗೆ 38 ಸಲ ನೆಲ ಮುಟ್ಟುತ್ತಿತ್ತು, ಅಂದರೆ ನಿಮಿಷಕ್ಕೆ 152 ಹೆಜ್ಜೆ. ದಣಿದಷ್ಟೂ ಹೆಜ್ಜೆ ಉದ್ದವಾಗಿ, ಹಿಮ್ಮಡಿ ದೇಹದಿಂದ ಮುಂದೆ ಹೋಗಿ ಬೀಳುತ್ತಿತ್ತು. ಈಗ ಅದೇ ವೇಗದಲ್ಲಿ, ಹೆಜ್ಜೆ ಚಿಕ್ಕದು ಮಾಡಿ 40ಕ್ಕೆ ತಂದಿದ್ದೇನೆ. 30 ಸೆಕೆಂಡಿಗೆ ಬಲಗಾಲಿನ ಎರಡೇ ಹೆಜ್ಜೆ ಜಾಸ್ತಿ, ಆದರೆ ಕಾಲಿನ ಸದ್ದು ಕಡಿಮೆಯಾಗಿದ್ದು ನನಗೇ ಕೇಳಿಸಿತು.

ಏಳನೇ ವಾರ ಹಿಂದೆ ಬಿದ್ದೆ. ಹಾಸನದಲ್ಲಿ ಮದುವೆ ಇತ್ತು. ಬೆಳಿಗ್ಗೆ ಓಡಿ, ಸ್ನಾನ ಮಾಡಿ, ನೇರ ಕಾರಿನಲ್ಲಿ ಕೂತು ಮೂರು ಗಂಟೆ ಹತ್ತಿರ ಪ್ರಯಾಣ. ಎರಡು ದಿನ ಸೊಂಟ ಹಿಡಿದುಕೊಂಡಿತು. ಬೇಜಾರಾಯಿತು, ಆದರೆ ಡೈರಿ ಹೇಳಿದ್ದು ಸರಿ ಅಂತ ಖಾತ್ರಿಯೂ ಆಯಿತು. ಅಂದಿನಿಂದ ಓಟ ಮುಗಿದ ಕೂಡಲೇ ಕೂರುವುದಿಲ್ಲ. ಹತ್ತು ನಿಮಿಷ ನಡೆಯುತ್ತೇನೆ, ಒಂದು ಮಂಡಿಯೂರಿ ತೊಡೆಯ ಮುಂಭಾಗ ಎಳೆಯುತ್ತೇನೆ, ಆಮೇಲೆ ಕಾರು. ಆಫೀಸಿನಲ್ಲೂ ಮುಕ್ಕಾಲು ಗಂಟೆಗೊಮ್ಮೆ ಎದ್ದು ನಿಲ್ಲುತ್ತೇನೆ.

ಮುಂದಿನ ಶನಿವಾರ 4.5 ಕಿ.ಮೀ. ಓಡುವ ಯೋಚನೆ, ಮಳೆ ಬಿಟ್ಟರೆ. ಎಡಗಾಲು ಎತ್ತಿದಾಗ ಲೋಟ ಈಗಲೂ ಒಮ್ಮೊಮ್ಮೆ ವಾಲುತ್ತದೆ. ಅದಕ್ಕೇ ಈ ವಾರ ಆ ಕಡೆಗೆ ಇನ್ನೊಂದು ಸುತ್ತು ಸೇರಿಸಿದ್ದೇನೆ.