ಮೈಂಡ್ ವಾಯ್ಸ್ ಸಾಲದು ಅನ್ನಿಸಿದಾಗ

ಕನ್ನಡ ಸೀರಿಯಲ್‌ಗಳಿಗೆ ಡೈಲಾಗ್ ಬರೆಯುವುದು ನನ್ನ ಕೆಲಸ. ನಮ್ಮಲ್ಲಿ ಸುಮಾರು ಜನರ ತಲೆಯಲ್ಲಿ ಒಂದು ಕಾದಂಬರಿ ಕೂತಿರುತ್ತದೆ. "ಈ ಪ್ರಾಜೆಕ್ಟ್ ಮುಗೀಲಿ, ಬರೀತೀನಿ" ಅನ್ನುತ್ತಾರೆ. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗಿರುತ್ತದೆ. ಈ ಮಾತು ಬಂದಾಗಲೆಲ್ಲ ನಾನು ಅಮೆರಿಕದ ಥ್ರಿಲ್ಲರ್ ಕಾದಂಬರಿಕಾರ ಸಿಡ್ನಿ ಶೆಲ್ಡನ್ ಹೆಸರು ಎತ್ತುತ್ತೇನೆ.

ಬೆಂಗಳೂರಿನ ಅವೆನ್ಯೂ ರೋಡಿನ ಹಳೇ ಪುಸ್ತಕದ ರಾಶಿಯಲ್ಲಿ ಕೈಯಾಡಿಸಿದವರಿಗೆ ಈ ಹೆಸರು ಗೊತ್ತೇ ಇರುತ್ತದೆ. ಆದರೆ ಆತ ಟಿವಿಯವರು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. 1947ರ ಒಂದು ಹಾಲಿವುಡ್ ಸಿನಿಮಾದ ಚಿತ್ರಕಥೆಗೆ ಆಸ್ಕರ್ ಪಡೆದವರು. ಆಮೇಲೆ ಟಿವಿಗೆ ಬಂದು 'ಐ ಡ್ರೀಮ್ ಆಫ್ ಜೀನಿ' ಶುರು ಮಾಡಿದರು. ಬಾಟಲಿಯಿಂದ ಹೊರಬಂದ ಜೀನಿ ಅನ್ನೋ ಮಾಯಾವಿ ಹುಡುಗಿಯ ಹಾಸ್ಯ ಸೀರಿಯಲ್ ಅದು. 1965ರಿಂದ 1970ರವರೆಗೆ 139 ಎಪಿಸೋಡ್ ಓಡಿತು. ನಿರ್ಮಾಪಕರೂ ಅವರೇ, ಹೆಚ್ಚಿನ ಎಪಿಸೋಡ್ ಬರೆದವರೂ ಅವರೇ. ಟೈಟಲ್ ಕಾರ್ಡಿನಲ್ಲಿ ತಮ್ಮ ಹೆಸರು ಜಾಸ್ತಿಯಾಯಿತು ಅಂತ ಕೆಲವಕ್ಕೆ ಬೇರೆ ಹೆಸರು ಹಾಕಿಕೊಂಡರು. ನಮ್ಮಲ್ಲಿ ಇದ್ದ ಒಂದು ಹೆಸರು ಸರಿಯಾಗಿ ಬಂದರೆ ಸಾಕಪ್ಪಾ ಅನ್ನುವ ಪರಿಸ್ಥಿತಿ!

ಅಲ್ಲೂ ಚಾನೆಲ್ ಕಾಟ ತಪ್ಪಲಿಲ್ಲ. ಕೊನೇ ಸೀಸನ್‌ನಲ್ಲಿ ಜೀನಿಗೂ ಅವಳ ಯಜಮಾನನಿಗೂ ಮದುವೆ ಮಾಡಿಸಿ ಅಂತ ಚಾನೆಲ್‌ನವರು ಪಟ್ಟು ಹಿಡಿದರು. ಶೆಲ್ಡನ್‌ಗೆ ಸುತರಾಂ ಇಷ್ಟವಿರಲಿಲ್ಲ. ಇಬ್ಬರ ನಡುವಿನ ಎಳೆದಾಟವೇ ಕಥೆ, ಅದು ಹೋದರೆ ಏನುಳಿಯುತ್ತದೆ? ಮದುವೆ ಆಯಿತು, ಆ ಸೀಸನ್‌ಗೇ ಶೋ ಮುಗಿಯಿತು. ಗುರುವಾರ ಟಿಆರ್‌ಪಿ ಬಂದಾಗ ನಮ್ಮ ಸ್ಟೋರಿ ಮೀಟಿಂಗಿನಲ್ಲಿ ನಡೆಯುವ ವಾದ ಇದೇ ಅಲ್ವಾ?

ಅವರ ಮೊದಲ ಕಾದಂಬರಿ 'ದಿ ನೇಕೆಡ್ ಫೇಸ್' ಬಂದಿದ್ದೂ 1970ರಲ್ಲೇ. ಆಗ ಅವರಿಗೆ 53 ವರ್ಷ. ಅದಕ್ಕೆ ಅವರು ಹೇಳಿಕೊಂಡ ಕಾರಣ ನನಗೆ ತುಂಬಾ ಹಿಡಿಸಿತು. ಒಬ್ಬ ಮನೋವೈದ್ಯನ ಕಥೆ ಹೊಳೆಯಿತು. ಆತನ ತಲೆಯೊಳಗೆ ಏನು ಓಡುತ್ತಿದೆ ಅನ್ನೋದೇ ಕಥೆಯ ಜೀವಾಳ. ಟಿವಿಗೂ ಸಿನಿಮಾಕ್ಕೂ ನಾಟಕಕ್ಕೂ ಅದು ಒಗ್ಗುವುದಿಲ್ಲ ಅನ್ನಿಸಿ ಕಾದಂಬರಿಗೆ ಕೈ ಹಾಕಿದರು.

ಇದು ನಮಗೆ ದಿನನಿತ್ಯದ ತಲೆನೋವು. ಒಬ್ಬ ಅತ್ತೆಗೆ ಬೀರುವಿನಲ್ಲಿ ಒಂದು ಹಳೇ ಕಾಗದ ಸಿಗುತ್ತದೆ ಅಂದುಕೊಳ್ಳಿ. ಅವಳಿಗೆ ಸಿಟ್ಟು ಬಂದಿದೆ, ಒಳಗೊಳಗೇ ಖುಷಿಯೂ ಆಗಿದೆ, ಆ ಖುಷಿಗೆ ನಾಚಿಕೆಯೂ ಇದೆ. ಸೀರಿಯಲ್‌ನಲ್ಲಿ ಇದನ್ನು ಹೇಳಲು ನನಗಿರುವುದು ಎರಡೇ ದಾರಿ. ಒಂದು, ಮೈಂಡ್ ವಾಯ್ಸ್, ಅಂದರೆ ಪಾತ್ರ ಮನಸ್ಸಿನಲ್ಲಿ ಅಂದುಕೊಂಡದ್ದನ್ನು ನೋಡುಗರಿಗೆ ಕೇಳಿಸುವುದು: "ಇನ್ಮೇಲೆ ನೋಡು ನನ್ನಾಟ!" ಇನ್ನೊಂದು, ಅಡುಗೆ ಕೆಲಸದವಳನ್ನು ಕರೆಸಿ "ಏನಾಯ್ತಮ್ಮಾವ್ರೇ, ಯಾಕೆ ಹಿಂಗಿದ್ದೀರ?" ಅಂತ ಕೇಳಿಸುವುದು. ವಿಲನ್ ಪಕ್ಕದಲ್ಲಿ ಯಾವಾಗಲೂ ಒಬ್ಬರು ಇರುತ್ತಾರಲ್ಲ, ಅವರನ್ನು ಇಟ್ಟಿರುವುದೇ ಇದಕ್ಕೆ. ಎರಡರಲ್ಲೂ ಸಿಟ್ಟು ಬರುತ್ತದೆ. ನಾಚಿಕೆ ಮಾತ್ರ ಬರುವುದಿಲ್ಲ.

ಹಾಗಂತ ಟಿವಿಯಲ್ಲಿ ಕಲಿತಿದ್ದನ್ನೆಲ್ಲ ಶೆಲ್ಡನ್ ಬಿಟ್ಟುಬಿಡಲಿಲ್ಲ. ಹುಕ್ ಅನ್ನು ಹಾಗೇ ಎತ್ತಿಕೊಂಡು ಹೋದರು. ಅಧ್ಯಾಯ ಮುಗಿದಾಗ ಇನ್ನೊಂದು ಓದೋಣ ಅನ್ನಿಸಬೇಕು, ಅದಕ್ಕೆ ತಕ್ಕ ಹಾಗೆ ಪುಸ್ತಕ ಕಟ್ಟುತ್ತೇನೆ ಅಂತ ಬಾಯಿಬಿಟ್ಟೇ ಹೇಳಿದ್ದರು. ವಾರಪತ್ರಿಕೆಯ ಧಾರಾವಾಹಿಗಳಲ್ಲಿ 'ಮುಂದುವರಿಯುವುದು' ನೋಡಿ ಬೆಳೆದ ನಮಗೆ ಇದೇನೂ ಹೊಸದಲ್ಲ. ಕಾದಂಬರಿಯಲ್ಲಿ ಬಜೆಟ್ಟಿನ ಚಿಂತೆ ಅಂತೂ ಇಲ್ಲವೇ ಇಲ್ಲ. ಅವರ 'ದಿ ಅದರ್ ಸೈಡ್ ಆಫ್ ಮಿಡ್‌ನೈಟ್' ಪ್ಯಾರಿಸ್, ವಾಷಿಂಗ್ಟನ್, ಗ್ರೀಸ್ ಎಲ್ಲ ಸುತ್ತಿಬರುತ್ತದೆ. ನಮಗೆ ಮನೆ ಸೆಟ್ಟಿನಿಂದ ಆಚೆ ಒಂದು ದೇವಸ್ಥಾನದ ಸೀನ್ ಬರೆದರೂ ಪ್ರೊಡಕ್ಷನ್‌ನಿಂದ ಫೋನ್ ಬರುತ್ತದೆ.

ಅವರ ಭಾಷೆ ದೊಡ್ಡದು ಅಂತ ನಾನು ಹೇಳುವುದಿಲ್ಲ. ಕಾಕತಾಳೀಯಗಳಂತೂ ವಿಪರೀತ. ಆದರೆ ಕೆಲಸದ ಕ್ರಮ ನೋಡಿ. ಮೊದಲ ಕಾದಂಬರಿ ಬರೆಯುವಾಗ ಟಿವಿ ಕೆಲಸ ಬಿಟ್ಟಿರಲಿಲ್ಲ. ಬೆಳಗ್ಗೆ 9ರಿಂದ ಮಧ್ಯಾಹ್ನ 12ರವರೆಗೆ ಸ್ಟುಡಿಯೋಗೆ ಬಂದ ಫೋನೆಲ್ಲ ಸೆಕ್ರೆಟರಿಯೇ ತೆಗೆದುಕೊಳ್ಳಬೇಕು. ಅಷ್ಟು ಹೊತ್ತು ಕಾದಂಬರಿ, ಆಮೇಲೆ ಟಿವಿ. ಕೈಯಲ್ಲಿ ಬರೆಯುತ್ತಲೂ ಇರಲಿಲ್ಲ, ಬಾಯಲ್ಲಿ ಹೇಳಿ ಬರೆಸುತ್ತಿದ್ದರು. ಪಾತ್ರಗಳ ಮಾತನ್ನು ಗಟ್ಟಿಯಾಗಿ ಹೇಳಿಕೊಂಡೇ ಬರೆಯುವ ನಮ್ಮಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ನನಗೆ ಕಷ್ಟ ಅನ್ನಿಸುವುದು ಅದರ ಮುಂದಿನ ಹಂತ. ಹೀಗೆ ಸರಸರ ಹೇಳಿ ಬರೆಸಿದ್ದನ್ನು ಅವರು ತಿಂಗಳುಗಟ್ಟಲೆ ತಿದ್ದುತ್ತಿದ್ದರು, ಮತ್ತೆ ಮತ್ತೆ ಹೊಸದಾಗಿ ಬರೆಯುತ್ತಿದ್ದರು. ನಮಗೆ ಆ ಅಭ್ಯಾಸವೇ ಇಲ್ಲ. ರಾತ್ರಿ ಕಳಿಸಿದ ಸೀನ್ ಬೆಳಗ್ಗೆ ಶೂಟ್ ಆಗುತ್ತದೆ. ಚೆನ್ನಾಗಿಲ್ಲದಿದ್ದರೆ ನಾಳೆಯ ಎಪಿಸೋಡಿನಲ್ಲಿ ಸರಿಮಾಡೋಣ ಅಂದುಕೊಂಡು ಮುಂದೆ ಹೋಗುತ್ತೇವೆ. ಆ ಅತ್ತೆಯ ಸೀನನ್ನು ಮೈಂಡ್ ವಾಯ್ಸೂ ಅಡುಗೆಯವಳೂ ಇಲ್ಲದೆ ಬೇರೆ ಫೈಲಿನಲ್ಲಿ ಬರೆಯುತ್ತಿದ್ದೇನೆ. ಯಾರೂ ಕೇಳಿಲ್ಲ, ಡೆಡ್‌ಲೈನೂ ಇಲ್ಲ. ಹಳೇ ಪುಟಕ್ಕೆ ವಾಪಸ್ ಹೋಗಿ ತಿದ್ದುವಾಗ ಮಾತ್ರ, ಯಾರೋ ಸ್ಕ್ರಿಪ್ಟ್ ಕೇಳಿ ಫೋನ್ ಮಾಡಿಬಿಡುತ್ತಾರೆ ಅಂತ ಇನ್ನೂ ಗಾಬರಿ ಆಗುತ್ತದೆ.