“ಈ ವಯಸ್ಸಿನ್ಯಾಗ ಅದರ ಸಿಟ್ಟು ಇಳೀತೈತೇನ್ರಿ?”

ಮುಧೋಳದ ಸುತ್ತ ಹಲ್ಲು ಸವೆದ, ಮೈ ಮುಟ್ಟಿದರೆ ಗುರ್ರೆನ್ನುವ ಬೇಟೆ ನಾಯಿಯನ್ನು ಕೊನೆಗಾಲಕ್ಕೆ ಮನೆಗೆ ತಂದಿಟ್ಟುಕೊಂಡರೆ ಓಣಿಯವರೆಲ್ಲ ಕೇಳುವುದು ಇದನ್ನೇ. ಸಿಟ್ಟು ಬಹಳ ಮಟ್ಟಿಗೆ ಇಳಿಯುತ್ತದೆ, ಆದರೆ ಬುದ್ಧಿ ಕಲಿಸಿದ್ದರಿಂದಲ್ಲ. ಹತ್ತು ವರ್ಷ ದಾಟಿದ ನಾಯಿ ಕಚ್ಚಲು ಶುರು ಮಾಡಿತೆಂದರೆ ಮೊದಲು ಹುಡುಕಬೇಕಾದ್ದು ನೋವು.

ಮೊದಲ ಎರಡು ವಾರ ಸ್ನಾನ, ಬಾಚಣಿಕೆ, ಮುದ್ದು ಯಾವುದೂ ಬೇಡ. ಎಲ್ಲಿ ಮುಟ್ಟಿದರೆ, ಯಾವ ಹೊತ್ತಿನಲ್ಲಿ ಗುರ್ರೆನ್ನುತ್ತದೆ ಎಂದು ಬರೆದಿಡಿ. ಏಳುವಾಗ ಮುಂಗಾಲಿಗೆ ಭಾರ ಹಾಕಿ, ಎರಡು ಸಲ ತೂಗಾಡಿ ಎದ್ದರೆ ಸೊಂಟದ ಮೇಲೆ ಅನುಮಾನ. ತಲೆ ಒಂದೇ ಕಡೆ ವಾಲಿಸಿ ಅಗಿಯುತ್ತಾ ಕಟಕ ರೊಟ್ಟಿ ಬೀಳಿಸಿದರೆ ಹಲ್ಲು. ನಡಿಗೆಯನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡೇ ಹೋಗಿ; ದವಾಖಾನೆಯಲ್ಲಿ ಹೆದರಿದ ನಾಯಿ ಕುಂಟುವುದನ್ನೂ ಮರೆಯುತ್ತದೆ. ಹಲ್ಲು ಕೀಳಿಸುವುದಾದರೆ ಅರಿವಳಿಕೆಗೆ ಮುಂಚೆ “ಇದು ಮುಧೋಳ ತಳಿ” ಎಂದು ಬಾಯಿಬಿಟ್ಟು ಹೇಳಿ. ಕೊಬ್ಬಿಲ್ಲದ ಇಂಥ ಬೇಟೆ ನಾಯಿಗಳು ಥಯೋಪೆಂಟೋನ್‌ನಂಥ ಔಷಧಿಯಿಂದ ಬಹಳ ತಡವಾಗಿ ಎಚ್ಚರಗೊಳ್ಳುತ್ತವೆ.

ಮನೆಯಲ್ಲಿರುವ ನೋವಿನ ಗುಳಿಗಿ ಮಾತ್ರ ಕೊಡಬೇಡಿ. ಪ್ಯಾರಾಸಿಟಮಾಲ್ ಲಿವರ್ ಕೆಡಿಸುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ ಕಿಡ್ನಿಯನ್ನೂ ಕೆಡಿಸುತ್ತವೆ. ವೈದ್ಯರೇ ಬರೆದ ಮೆಲಾಕ್ಸಿಕಾಮ್ ಕೂಡ ತಿಂದ ಮೇಲೆಯೇ. ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ ನಿಲ್ಲಿಸಿ ಫೋನ್ ಮಾಡಿ.

ಬಾಯಿಗೆ ಬಟ್ಟೆ ಕಟ್ಟುವ ರೂಢಿ ತಪ್ಪು. ತೇಕಲಾಗದ ನಾಯಿ 40 ಡಿಗ್ರಿ ಬಿಸಿಲಲ್ಲಿ ಕುಸಿಯುತ್ತದೆ. ಎತ್ತಿನ ಬಾಯಿಕುಕ್ಕೆಯಂಥ, ಒಳಗೇ ಬಾಯಿ ತೆರೆದು ನೀರು ಕುಡಿಯಬಹುದಾದ ಬುಟ್ಟಿ ತನ್ನಿ. ಅದರ ತಳಕ್ಕೆ ಬೇಯಿಸಿದ ಮೊಟ್ಟೆಯ ಹಳದಿ ಸವರಿ ಒಂದು ವಾರ ಸುಮ್ಮನೆ ಹಿಡಿಯಿರಿ, ಪಟ್ಟಿ ಬಿಗಿಯಬೇಡಿ. ತಾನಾಗಿ ಮೂತಿ ತೂರಿಸಿದ ಮೇಲೆ ಪಟ್ಟಿ. ಇಷ್ಟಾಗಿಯೂ ಕಚ್ಚಿದರೆ, ನಾಯಿಗೆ ಲಸಿಕೆ ಆಗಿದ್ದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ಕಿವಿ ಮಂದವಾದ ನಾಯಿಯನ್ನು ಹಿಂದಿನಿಂದ ಮುಟ್ಟಿದರೆ ಬೆಚ್ಚಿ ಕಚ್ಚುತ್ತದೆ. ನೆಲಕ್ಕೆ ಕಾಲು ಬಡಿಯಿರಿ, ಅದುರು ತಿಳಿಯುತ್ತದೆ.

ಮಲಗುವ ಜಾಗ ಔಷಧಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಫರ್ಸಿಯ ಮೇಲೊಂದು ಗೋಣಿಚೀಲ ಹಾಸಿದರೆ ಮುಧೋಳ ನಾಯಿಯ ತೆಳು ಚರ್ಮಕ್ಕೆ ಮೊಳಕೈಯಲ್ಲಿ ಹುಣ್ಣಾಗುತ್ತದೆ. ನಾಲ್ಕು ಇಂಚಿನ ಫೋಮ್, ಮೇಲೆ ಹಳೇ ಕೌದಿ. ಕೌದಿ ಎರಡಿರಲಿ, ಒಂದು ಒಗೆಯಲು ಬಿದ್ದಿರುತ್ತದೆ. ಹಾಸಿಗೆಯಿಂದ ನೀರಿನ ಬೋಗುಣಿಯವರೆಗೆ ಜಾರದ ಚಾಪೆ ಹಾಸಿ. ನುಣುಪು ಟೈಲ್ಸ್ ಮೇಲೆ ಒಮ್ಮೆ ಜಾರಿ ಬಿದ್ದ ಮುದಿ ನಾಯಿ ಆಮೇಲೆ ಏಳಲೇ ಹೆದರುತ್ತದೆ. ರಾತ್ರಿ ಗೋಡೆಯ ಮೂಲೆಗೆ ಮುಖ ಮಾಡಿ ನಿಂತುಬಿಟ್ಟರೆ ಅದು ಹಟವಲ್ಲ, ಅರಳುಮರಳು. ಸಣ್ಣ ಬಲ್ಬು ಉರಿಯಲಿ.

ನೆನೆಸಿದ ಜೋಳದ ರೊಟ್ಟಿ, ಮೊಟ್ಟೆ, ಎಲುಬಿಲ್ಲದ ಕೋಳಿ ದಿನಕ್ಕೆ ಮೂರು ಸಲ, ಸ್ವಲ್ಪ ಸ್ವಲ್ಪ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೇಡ. ವಿಜಯಪುರದಿಂದ ಬಂದ ಮಣೂಕವನ್ನು ಪ್ರೀತಿಗೂ ಹಾಕಬೇಡಿ. ದ್ರಾಕ್ಷಿ ಹಸಿಯಿರಲಿ, ಒಣಗಿರಲಿ, ನಾಯಿಯ ಕಿಡ್ನಿಗೆ ವಿಷ. ನೀರನ್ನು ಅಳೆದೇ ಇಡಿ. 22 ಕಿಲೋ ನಾಯಿ ದಿನಕ್ಕೆ 2.2 ಲೀಟರ್ ದಾಟಿ ಕುಡಿಯತೊಡಗಿದರೆ ಬಿಸಿಲನ್ನು ದೂರಬೇಡಿ, ರಕ್ತ ಪರೀಕ್ಷೆ ಮಾಡಿಸಿ.

“ಕಡೀಗೆ ಯಾವಾಗ ಬಿಡೂದು?” ಎನ್ನುವುದು ಎರಡನೇ ಪ್ರಶ್ನೆ. ಕ್ಯಾಲೆಂಡರಿನಲ್ಲಿ ದಿನಾ ಗುರುತು ಹಾಕಿ: ತಾನಾಗಿ ಎದ್ದಿತೇ, ಉಂಡಿತೇ, ಬಾಲ ಆಡಿಸಿತೇ? ಎರಡು ವಾರದಲ್ಲಿ ಕೆಟ್ಟ ದಿನಗಳೇ ಹೆಚ್ಚಾದರೆ ವೈದ್ಯರೊಡನೆ ದಯಾಮರಣದ ಮಾತಾಡಿ. ಮೊದಲು ಮಂಪರಿನ ಇಂಜೆಕ್ಷನ್ ಕೇಳಿ ಪಡೆಯಿರಿ, ಆಮೇಲೆ ಜೀವ ತೆಗೆಯುವ ಔಷಧಿಯನ್ನು ರಕ್ತನಾಳಕ್ಕೆ ಕೊಡುವುದು. ಕಣ್ಣು ತೆರೆದೇ ಇರುತ್ತದೆ, ಉಚ್ಚೆ ಹೋಗಬಹುದು, ಜೀವ ಹೋದ ಮೇಲೂ ಒಂದೆರಡು ಉಸಿರೆಳೆದಂತೆ ಕಾಣಬಹುದು, ಅದು ಒದ್ದಾಟವಲ್ಲ. ಗುಂಡಿ ಬಾವಿಯಿಂದ ದೂರ, ನಾಲ್ಕು ಅಡಿ ಆಳ. ಎರಿ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಬೀದಿ ನಾಯಿಗಳು ಕೆದರುತ್ತವೆ, ಆ ಔಷಧಿ ಅವುಗಳಿಗೂ ವಿಷ. ಮೇಲೆ ಕಲ್ಲು ಪೇರಿಸಿ ಜಾಲಿ ಮುಳ್ಳು ಹಾಕಿ.