ಒಂದು ಡಾಲರ್ ಸಂಬಳದ ಮೇಯರ್

ದಾವಣಗೆರೆಯಲ್ಲಿ ವರ್ಷಕ್ಕೊಬ್ಬರು ಮೇಯರ್ ಬಂದುಹೋಗುವುದನ್ನು ಕಂಡ ನನಗೆ, ನ್ಯೂಯಾರ್ಕಿನ ಮೈಕೆಲ್ ಬ್ಲೂಮ್‌ಬರ್ಗ್ 2002ರಿಂದ 2013ರವರೆಗೂ ಕುರ್ಚಿಯಲ್ಲಿದ್ದರು ಎಂಬುದೇ ಸೋಜಿಗ. ಅದಕ್ಕೂ ಮೊದಲು, 1981ರಲ್ಲಿ, ಸಾಲೊಮನ್ ಬ್ರದರ್ಸ್ ಎಂಬ ಹೂಡಿಕೆ ಬ್ಯಾಂಕಿನಲ್ಲಿ ಅವರ ಕೆಲಸ ಹೋಯಿತು. ಅಲ್ಲಿಂದ ಹೊರಬೀಳುವಾಗ ಕೈಗೆ ಬಂದ ಸುಮಾರು ಒಂದು ಕೋಟಿ ಡಾಲರ್‌ನಲ್ಲಿ ಒಂದಿಷ್ಟು ಹೂಡಿ, ಹಣಕಾಸು ಪೇಟೆಯವರಿಗೆ ಮಾಹಿತಿ ಒದಗಿಸುವ ಉದ್ಯಮ ಕಟ್ಟಿದರು. ಮೇಯರ್ ಆದಾಗ ವರ್ಷಕ್ಕೆ ಒಂದೇ ಡಾಲರ್ ಸಂಬಳ. ಪ್ರತ್ಯೇಕ ಕೊಠಡಿ ಬಿಟ್ಟು ಸಿಬ್ಬಂದಿಯ ನಡುವೆಯೇ ಮೇಜು. ನನಗೆ ಹಿಡಿಸಿದ್ದು 2003ರಲ್ಲಿ ತಂದ 311: ಗುಂಡಿ, ಕಸ, ಗದ್ದಲ, ಯಾವ ದೂರಿಗೂ ಒಂದೇ ಫೋನ್ ಸಂಖ್ಯೆ. ಅದು ನಮ್ಮ ಪಿ.ಬಿ. ರಸ್ತೆಯವರಿಗೂ ಬೇಕು!

ಆದರೆ 2008ರಲ್ಲಿ ಎರಡು ಅವಧಿಯ ಮಿತಿಯನ್ನೇ ಸಡಿಲಿಸಿಕೊಂಡು 2009ರಲ್ಲಿ ಮೂರನೆಯ ಬಾರಿ ನಿಂತದ್ದು ನನಗೆ ಒಪ್ಪಿಗೆಯಿಲ್ಲ. ಆ ಚುನಾವಣೆಗೆ ಸ್ವಂತದ 10 ಕೋಟಿ ಡಾಲರ್‌ಗೂ ಮಿಕ್ಕಿ ಸುರಿದರು. ಅಂಥವರಿಗೆ ಒಂದು ಡಾಲರ್ ಸಂಬಳ ಕಷ್ಟವೇನಲ್ಲ ಬಿಡಿ.